ಬೆಳಿಗ್ಗೆ ಆಟ, ಮಧ್ಯಾಹ್ನ ಗುಡಿ

ಗಾಲ್ಫ್ ಆಡುವವರ ಎಡಗೈ ಬಲಗೈಗಿಂತ ಬೆಳ್ಳಗಿರುತ್ತದೆ. ಆ ಒಂದು ಕೈಗೆ ಮಾತ್ರ ಅವರು ಗವಸು ಹಾಕುತ್ತಾರೆ. ವರ್ಷಗಟ್ಟಲೆ ಬಿಸಿಲಿನಲ್ಲಿ ಆಡಿ ಮುಖ, ಕೊರಳು, ಬಲಗೈ ಎಲ್ಲ ಕಂದಿದ್ದರೂ ಎಡಗೈ ಮಾತ್ರ ಮನೆಯಲ್ಲೇ ಕುಳಿತವರ ಕೈಯ ಹಾಗೆ ಬಿಳಿಚಿಕೊಂಡಿರುತ್ತದೆ. ಗೈಡ್ ಕೆಲಸದಲ್ಲಿ ನಾನು ಪುಸ್ತಕದಿಂದಲ್ಲದೆ ಕಣ್ಣಿನಿಂದ ಕಲಿತ ಮೊದಲ ಪಾಠ ಇದು.

ನನ್ನ ಹೆಸರು ಸರೋಜಾ. ಬೆಟಗೇರಿಯವಳು. ತಂದೆ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಗದಗಿನಲ್ಲಿ ಇತಿಹಾಸ ಓದಿ, ಗೈಡ್ ಪರವಾನಗಿ ಪಡೆದು, ಹುಬ್ಬಳ್ಳಿಯ ಒಂದು ಟೂರ್ಸ್ ಆಫೀಸಿಗೆ ಇಪ್ಪತ್ತೇಳು ವರ್ಷ ದುಡಿದೆ. ಹೋದ ವರ್ಷ ಬಿಟ್ಟೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಆಗಾಗ ಫೋನು ಮಾಡಿ ಶಾಸನಗಳ ಬಗ್ಗೆ, ಪರೀಕ್ಷೆಯ ಬಗ್ಗೆ ಕೇಳುತ್ತಾರೆ. ಅವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ಸಿಗದೇ ಇರುವುದನ್ನು ನಾನು ಬರೆಯುತ್ತಿದ್ದೇನೆ.

ಗಾಲ್ಫಿನವರನ್ನು ನಮ್ಮ ಕಡೆಗೆ ತಂದವರು ನಮ್ಮ ಮ್ಯಾನೇಜರ್ ಜೋಶಿ ಸಾಹೇಬರು. ಹುಬ್ಬಳ್ಳಿಯ ಹೊರಗೆ ಗಾಲ್ಫ್ ಮೈದಾನ ಇರುವ ಒಂದು ಹೋಟೆಲು ಶುರುವಾಗಿತ್ತು. ಅಲ್ಲಿಗೆ ಮುಂಬಯಿ, ಪುಣೆ, ಒಮ್ಮೊಮ್ಮೆ ಹೊರದೇಶಗಳಿಂದ ಜನ ಬರುತ್ತಿದ್ದರು. ಬೆಳಗ್ಗೆ ಆರಕ್ಕೆ ಆಟ ಶುರುವಾದರೆ ಹನ್ನೊಂದಕ್ಕೆ ಬಿಸಿಲೇರಿ ಮುಗಿಯುತ್ತಿತ್ತು. ಉಳಿದ ದಿನ ಅವರನ್ನು ಏನು ಮಾಡುವುದು? ಜೋಶಿ ಸಾಹೇಬರಿಗೆ ಹೊಳೆದದ್ದು ಗದಗ, ಲಕ್ಕುಂಡಿ, ಡಂಬಳ, ಲಕ್ಷ್ಮೇಶ್ವರ.

"ಬೆಳಿಗ್ಗೆ ಆಟ, ಮಧ್ಯಾಹ್ನ ಗುಡಿ. ನೀ ಬರೇ ಮಧ್ಯಾಹ್ನ ನೋಡ್ಕೊ ಸರೋಜಾ," ಎಂದು ನನಗೆ ಹೇಳಿದರು. "ಮಂದಿ ದಣದಿರ್ತಾರ. ಭಾಳ ಕೊರೀಬ್ಯಾಡ."

ಮೊದಲ ಗುಂಪಿಗೇ ನಾನು ಕೊರೆದೆ. ಗದಗಿನ ತ್ರಿಕೂಟೇಶ್ವರ ಗುಡಿಯಲ್ಲಿ ಒಂದು ಶಾಸನದ ಮುಂದೆ ನಿಂತು, ಅದರ ಸಾಲುಗಳನ್ನು ಬೆರಳಿನಿಂದ ತೋರಿಸುತ್ತ, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಇಂಗ್ಲಿಷಿನಲ್ಲಿ ವಿವರಿಸಿದೆ. ತಿರುಗಿ ನೋಡಿದಾಗ ಹಿಂದೆ ನಿಂತಿದ್ದವನು ಒಬ್ಬನೇ: ನಮ್ಮ ಟೆಂಪೊ ಓಡಿಸುವ ಶಿರಹಟ್ಟಿಯ ಮಾಬುಸಾಬ. ಕೈಕಟ್ಟಿ ನಿಂತಿದ್ದ.

"ಅವರೆಲ್ಲ ಎಲ್ಲಿ?" ಎಂದೆ.

"ಚಾ ಕುಡ್ಯಾಕ ಹೋಗ್ಯಾರ್ರಿ ಅಕ್ಕಾರ. ಆಗ್ಲೇ ಹೋದ್ರು. ನಿಮಗ ಬ್ಯಾಸರ ಆಕ್ಕೇತಂತ ನಾ ನಿಂತೇನಿ. ನೀವು ಹೇಳ್ರಿ, ಮುಂದ ಆ ರಾಜಾ ಏನ್ ಮಾಡಿದಾ?"

ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಇಡೀ ವೃತ್ತಿಯಲ್ಲಿ ಅಷ್ಟು ಮರ್ಯಾದೆ ಕೊಟ್ಟು ಕೇಳಿದವರು ಕಡಿಮೆ.

ಇನ್ನೊಂದು ಸಲ ಅಸುಂಡಿಯ ಹತ್ತಿರ ಟೆಂಪೊದ ಚಕ್ರ ಪಂಕ್ಚರ್ ಆಯಿತು. ಮಾಬುಸಾಬ ಚಕ್ರ ಬಿಚ್ಚುತ್ತಿದ್ದಾಗ ಒಬ್ಬ ಅತಿಥಿ ಬೇಸರ ಕಳೆಯಲು ಚೀಲದಿಂದ ಕೋಲು ತೆಗೆದು, ಬಿತ್ತದೆ ಬಿಟ್ಟಿದ್ದ ಒಂದು ಹೊಲದೊಳಕ್ಕೆ ಚೆಂಡು ಹೊಡೆದ. ಬದುವಿನಲ್ಲಿ ಮೇವು ಕೊಯ್ಯುತ್ತಿದ್ದ ಹೆಂಗಸು ಚೆಂಡನ್ನು ಹುಡುಕಿ ತಂದುಕೊಟ್ಟಳು. ಇದು ಯಾವ ಆಟ ಎಂದು ನನ್ನನ್ನು ಕೇಳಿದಳು. ದೂರದಲ್ಲಿ ಒಂದು ಸಣ್ಣ ಕುಣಿ ಇರುತ್ತದೆ, ಅದಕ್ಕೆ ಚೆಂಡು ಬೀಳಿಸಬೇಕು ಎಂದೆ.

"ಒಂದು ಮುಷ್ಟಿಯಷ್ಟ ಕುಣಿಗೆ ಇಷ್ಟ ಹೊಲಾ ಬೇಕೇನ್ರಿ ಇವರಿಗೆ?" ಎಂದು ಅವಳು ಅತಿಥಿಯನ್ನು ಮೇಲಿಂದ ಕೆಳಗೆ ನೋಡಿದಳು.

ಅವಳು ಏನೆಂದಳು ಎಂದು ಆತ ಕೇಳಿದ. "ಬಹಳ ಚೆನ್ನಾಗಿ ಹೊಡೆದಿರಿ ಅಂತಾಳೆ," ಎಂದೆ. ಆತ ಖುಷಿಯಿಂದ ಅವಳಿಗೆ ಕೈಮುಗಿದ. ಎರಡು ಭಾಷೆಗಳ ನಡುವೆ ನಿಂತವರು ಇಂಥ ಸುಳ್ಳುಗಳನ್ನು ಎಷ್ಟೋ ಹೇಳಬೇಕಾಗುತ್ತದೆ. ಹೇಳುತ್ತ ಹೇಳುತ್ತ, ಯಾರಿಗೆ ಏನು ಒಳ್ಳೆಯದು ಎಂಬುದು ನಮಗೇ ಹೆಚ್ಚು ಗೊತ್ತು ಎನ್ನುವ ಭ್ರಮೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು.

ಈ ಕೆಲಸದಲ್ಲಿ ಬಹಳ ಜನ ಸಿಗುತ್ತಾರೆ, ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಸಿಗುತ್ತಾರೆ. ಆದರೆ ಊಟದ ಹೊತ್ತಿಗೆ ಅತಿಥಿಗಳು ಒಳಗೆ ಕೂರುತ್ತಾರೆ, ಡ್ರೈವರುಗಳು ಹಿಂದಿನ ಅಂಗಳದಲ್ಲಿ ಕೂರುತ್ತಾರೆ. ಎರಡು ಕಡೆಯೂ ನನಗೆ ಜಾಗವಿರುತ್ತಿರಲಿಲ್ಲ. ಅತಿಥಿಗಳ ಜೊತೆ ಕೂತರೆ ಆಫೀಸಿಗೆ ದೂರು, ಡ್ರೈವರುಗಳ ಜೊತೆ ಕೂತರೆ ಅವರಿಗೇ ಸಂಕೋಚ. ನಾನು ಟೆಂಪೊದ ಮುಂದಿನ ಸೀಟಿನಲ್ಲಿ ಕೂತು, ಮನೆಯಿಂದ ತಂದ ರೊಟ್ಟಿ ತಿಂದು, ಬಾಟಲಿಯ ನೀರಿನಲ್ಲಿ ಕೈ ತೊಳೆಯುತ್ತಿದ್ದೆ. ಸಾವಿರಾರು ಫೋಟೊ ತೆಗೆದಿದ್ದೇನೆ, ಎಲ್ಲ ಅವರವರ ಫೋನಿನಲ್ಲಿ. "ಮೇಡಂ, ಇನ್ನೊಂದು" ಎನ್ನುತ್ತಾರೆ, ನಗುತ್ತಾರೆ, ಕಂಬಕ್ಕೆ ಒರಗುತ್ತಾರೆ. ಆ ಫೋಟೊಗಳಲ್ಲಿ ನಾನಿಲ್ಲ.

ಮೊದಮೊದಲು ಬಾಯಿಯಲ್ಲಿ ಕೂಗಿ ಹೇಳುತ್ತಿದ್ದೆವು. ಗಂಟಲು ಹೋಗುತ್ತಿತ್ತು, ಆದರೆ ಜನ ಹತ್ತಿರ ನಿಂತು ಮುಖ ನೋಡುತ್ತಿದ್ದರು. ಆಮೇಲೆ ಆಫೀಸಿನವರು ಎಲ್ಲರ ಕಿವಿಗೂ ಒಂದೊಂದು ಇಯರ್‌ಫೋನು, ನನ್ನ ಕೊರಳಿಗೊಂದು ಮೈಕು ಕೊಟ್ಟರು. ಅಂದಿನಿಂದ ಗುಂಪು ಗುಡಿಯ ತುಂಬ ಚದುರಿ ಓಡಾಡುತ್ತಿತ್ತು. ನಾನು ಒಂದು ಕಂಬದ ಬಳಿ ನಿಂತು, ಎದುರಿಗೆ ಯಾರೂ ಇಲ್ಲದೆ, ಮೆಲ್ಲಗೆ ಮಾತಾಡುತ್ತಿದ್ದೆ. ಗುಡಿಗೆ ಬಂದ ಊರವರು ನನ್ನನ್ನು ನೋಡಿ, ಪಾಪ, ಏನೋ ಹರಕೆಯಿರಬೇಕು ಎಂದುಕೊಂಡದ್ದೂ ಉಂಟು. ಈಗ ಅದೂ ಹೋಯಿತು. ಗುಡಿಯ ಫಲಕದ ಮೇಲಿನ ಕ್ಯೂಆರ್ ಗುರುತಿಗೆ ಫೋನು ಹಿಡಿದರೆ ಫೋನೇ ಕಥೆ ಹೇಳುತ್ತದೆ.

ಇನ್ನು ನಾನು ಹೇಳಬೇಕೆಂದು ಕುಳಿತ ವಿಷಯ.

ಒಂದು ಸಲ ಮುಂಬಯಿಯಿಂದ ಎಂಟು ಜನ ಬಂದಿದ್ದರು. ಎಲ್ಲರೂ ಅರವತ್ತು ದಾಟಿದ ಗಂಡಸರು, ಹಳೆಯ ಗೆಳೆಯರು. ನಾಲ್ಕು ದಿನದ ಆಟ, ಕೊನೆಯ ದಿನ ಗೆದ್ದವರಿಗೆ ಅವರೇ ಮಾಡಿಸಿ ತಂದಿದ್ದ ಒಂದು ಬೆಳ್ಳಿ ಬಟ್ಟಲು. ಗುಂಪಿಗೆ ಮುಖಂಡ ಮೆಹ್ತಾ ಎಂಬವರು, ದೊಡ್ಡ ದನಿಯ, ಒಳ್ಳೆಯ ಮನಸ್ಸಿನ ಮನುಷ್ಯ. ಅವರ ಜೊತೆ ಅವರ ತಂಗಿಯ ಗಂಡ. ಆತನನ್ನು ಎಲ್ಲರೂ ವಿನ್ನಿ ಎಂದು ಕರೆಯುತ್ತಿದ್ದರು. ಎತ್ತರದ ಆಳು, ಮಾತು ಕಡಿಮೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಟದಲ್ಲಿ ಮೊದಲ ದಿನದಿಂದಲೇ ಆತನೇ ಮುಂದಿದ್ದ.

ಮೊದಲ ದಿನ ಮಧ್ಯಾಹ್ನ ಬೆಟಗೇರಿಯ ಪೇಟೆಯಲ್ಲಿ ಮಾಬುಸಾಬ ಟೆಂಪೊವನ್ನು ಹಿಂದಕ್ಕೆ ತೆಗೆಯುತ್ತಿದ್ದ. ನಾವೆಲ್ಲ ಇಳಿದು ನಿಂತಿದ್ದೆವು. ಸಂದಿಯಿಂದ ಒಂದು ಕರು ಓಡಿಬಂದು ಗಾಡಿಯ ಹಿಂದೆ ನಿಂತುಬಿಟ್ಟಿತು. ನನ್ನ ಪಕ್ಕದಿಂದ ಒಂದು ಕೂಗು ಕೇಳಿತು.

"ಏ ನಿಂದರ್ಸೋ! ನಿಂದರ್ಸಲೇ! ಹಿಂದ ಕರಾ ಐತಿ!"

ಮಾಬುಸಾಬ ಬ್ರೇಕು ಒತ್ತಿದ. ಕರು ಉಳಿಯಿತು. ಕೂಗಿದ್ದು ವಿನ್ನಿ. ಗೆಳೆಯರು ಅದನ್ನು ಗಮನಿಸಲಿಲ್ಲ, ಗಲಾಟೆಯಲ್ಲಿ ಯಾರೋ ಏನೋ ಕೂಗಿದರು ಅಷ್ಟೆ. ಆದರೆ ಮಾಬುಸಾಬ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ. ಅಂಥ ಕೂಗು ಕಲಿತು ಬರುವುದಲ್ಲ. ವಿನ್ನಿ ಟೋಪಿ ಸರಿಮಾಡಿಕೊಂಡು ಬೇರೆ ಕಡೆಗೆ ತಿರುಗಿದ.

ಮರುದಿನ ಮುಂಡರಗಿಯ ದಾರಿಯಲ್ಲಿ ಡಂಬಳಕ್ಕೆ ಹೋದೆವು. ದೊಡ್ಡಬಸಪ್ಪನ ಗುಡಿಯ ಗೋಡೆಗಳು ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುತ್ತ ಹೋಗುವುದನ್ನು ತೋರಿಸಿ, ನೋಡಿಕೊಂಡು ಬನ್ನಿ ಎಂದು ಬಿಟ್ಟೆ. ಎಲ್ಲರೂ ಸುತ್ತು ಹಾಕುತ್ತಿದ್ದಾಗ ಆತ ನನ್ನ ಬಳಿಗೆ ಬಂದ. ಕಿವಿಯ ಇಯರ್‌ಫೋನು ತೆಗೆದು ಜೇಬಿಗಿಟ್ಟ.

"ನಿಮ್ಮ ಮೈಕು ಬಂದ್ ಮಾಡ್ರಿ," ಎಂದ.

ಮಾಡಿದೆ.

"ನೀವು ಯಾ ಊರವ್ರಿ?"

"ಬೆಟಗೇರಿಯವಳ್ರಿ. ತಾವು?"

"ಶಿಗ್ಲಿ. ನನ್ನ ಹೆಸರು ವೀರಭದ್ರಪ್ಪ. ಈ ಹೆಸರಿಂದ ನನ್ನ ಯಾರೂ ಕರದಿಲ್ಲ, ನಲವತ್ ವರ್ಷ ಆತು."

ಆಮೇಲೆ ನಿಂತ ಜಾಗದಲ್ಲೇ, ಗೆಳೆಯರು ಮೂಲೆ ತಿರುಗಿ ಬಂದಾಗ ಬಾಯಿ ಮುಚ್ಚಿ, ಅವರು ಆಚೆ ಹೋದಾಗ ಮತ್ತೆ ತೆಗೆದು, ತುಂಡು ತುಂಡಾಗಿ ಹೇಳಿದ. ತಂದೆತಾಯಿ ಬೇಗ ಹೋದರು. ಬೆಳೆಸಿದವಳು ಅಕ್ಕ, ಗಂಗವ್ವ. ಇವನನ್ನು ಓದಿಸುವುದಕ್ಕಾಗಿ ಅವಳು ಮದುವೆಯಾಗಲಿಲ್ಲ. ಮುಂಬಯಿಗೆ ಹೋಗಿ ಕೆಲಸ ಹಿಡಿದ. ದೊಡ್ಡ ಮನೆಯ ಹುಡುಗಿ ಒಪ್ಪಿದಳು. ಅವಳ ಮನೆಯವರು ನಿನ್ನವರು ಯಾರು ಎಂದು ಕೇಳಿದಾಗ, ಹೊಲದ ಕೆಲಸ ಮಾಡುವ ಅಕ್ಕನನ್ನು ಆ ಮನೆಯ ದಿವಾನಖಾನೆಯಲ್ಲಿ ಕೂರಿಸಿ ನೋಡಿಕೊಂಡಿತು ಅವನ ಮನಸ್ಸು. ಯಾರೂ ಇಲ್ಲ ಎಂದ.

"ಒಂದ ಸುಳ್ಳು. ಆಮ್ಯಾಲೆ ಅದರ ಸಲುವಾಗಿ ಕಾಗದಾ ಬರಿಯೂದು ಬಿಟ್ಟೆ. ಆಮ್ಯಾಲೆ ಬರಿಯಾಕ ಮಾರಿ ಉಳೀಲಿಲ್ಲ."

"ಈಗ ಏನ್ ಮಾಡ್ಬೇಕಂತೀರಿ?" ಎಂದೆ.

"ಅಕಿ ಅದಾಳೋ ಇಲ್ಲೋ ಅಷ್ಟ ತಿಳಕೊಂಡು ನನಗ ಹೇಳ್ರಿ. ಅಕಿಗೆ ಏನೂ ಹೇಳಬ್ಯಾಡ್ರಿ. ನಾ ಬಂದೇನಿ ಅಂತ ಹೇಳಬ್ಯಾಡ್ರಿ. ಇದ್ದಾಳಂದ್ರ ಮುಂದ ಏನ್ ಮಾಡೂದು ನಾ ವಿಚಾರ ಮಾಡ್ತೇನಿ."

ಆಗಲಿ ಎಂದೆ. ಮೆಹ್ತಾ ದೂರದಿಂದ ಫೋಟೊಕ್ಕೆ ಕರೆದರು. ಹೋಗಿ ತೆಗೆದೆ.

ಮೂರನೆಯ ದಿನ ಬೆಳಗ್ಗೆ ಅವರೆಲ್ಲ ಮೈದಾನದಲ್ಲಿದ್ದಾಗ ನಾನು ಬಸ್ಸು ಹಿಡಿದು ಶಿಗ್ಲಿಗೆ ಹೋದೆ. ಗಂಗವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಶಾಲೆಯಲ್ಲಿ ಬಹಳ ವರ್ಷ ಬಿಸಿಯೂಟದ ಅಡುಗೆ ಮಾಡಿದವಳು. ಅವಳ ಕೈಯ ಸಾರು ಉಣ್ಣದ ಮಕ್ಕಳು ಆ ಊರಿನಲ್ಲಿ ಇರಲಿಲ್ಲ. ಸಣ್ಣ ಮನೆ, ಸಾರಿಸಿದ ಕಟ್ಟೆ, ತಗ್ಗಾದ ಬಾಗಿಲು. ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು. ಬೆನ್ನು ಬಾಗಿದ್ದರೂ ಕಣ್ಣುಗಳು ಚುರುಕಾಗಿದ್ದವು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಆಕೆ ಇದ್ದಾಳೆ. ಎದ್ದು ಬರಬೇಕಿತ್ತು. ನಾನು ಏಳಲಿಲ್ಲ. ಗೋಡೆಯ ಮೇಲೆ ಒಂದು ಹಳೆಯ ಫೋಟೊ ಇತ್ತು, ಶಾಲೆಯ ಅಂಗಿ ತೊಟ್ಟ ಒಬ್ಬ ಹುಡುಗನದು.

"ಇದು ಯಾರ್ರಿ?" ಎಂದು ಗೊತ್ತಿದ್ದೂ ಕೇಳಿದೆ.

"ನನ್ನ ತಮ್ಮ ರೀ. ಮುಂಬೈದಾಗ ಅದಾನ. ದೊಡ್ಡ ಕೆಲಸ, ಪುರಸೊತ್ತ ಇಲ್ಲ."

ನಿನ್ನೆ ಮೊನ್ನೆ ಊರಿಗೆ ಬಂದು ಹೋದವನ ಬಗ್ಗೆ ಹೇಳಿದ ಹಾಗೆ ಹೇಳಿದಳು. ನನಗೆ ತಡೆಯಲಾಗಲಿಲ್ಲ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಬನ್ನಿ, ನಿಮ್ಮ ತಮ್ಮ ಬರುತ್ತಾರೆ ಎಂದುಬಿಟ್ಟೆ.

ಅವಳು ಎದ್ದು ಒಲೆಯ ಕಡೆ ಹೋದಳು. ಡಬ್ಬಿಗಳನ್ನು ಕೆಳಗಿಳಿಸುವ ಸದ್ದಾಯಿತು. "ಮೂರಂದ್ರ ಇನ್ನೂ ಟೈಮ್ ಐತಿ," ಎಂದು ಒಳಗಿನಿಂದ ಹೇಳಿದಳು. "ಬೆಲ್ಲಾ ಹಾಕಿ ಮಾದಲಿ ಮಾಡ್ತೇನಿ. ವೀರೂಗ ಮಾದಲಿ ಅಂದ್ರ ಜೀವ."

ಆತನ ಫೋನ್ ನಂಬರು ನನ್ನ ಪಟ್ಟಿಯಲ್ಲಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಫೋನನ್ನು ಕೈಗೆ ತೆಗೆದುಕೊಂಡದ್ದೂ ನಿಜ. ಮಾಡಲಿಲ್ಲ. ಆಮೇಲೆ ಜೋಶಿ ಸಾಹೇಬರಿಗೆ, ಆಟದ ಹೊತ್ತಿನಲ್ಲಿ ಅತಿಥಿಗಳಿಗೆ ಫೋನು ಮಾಡಬಾರದಲ್ಲ ಸರ್ ಎಂದು ಕಾರಣ ಕೊಟ್ಟೆ. ಅದು ಕಾರಣವಾಗಿರಲಿಲ್ಲ. ಅವರಿಬ್ಬರೂ ಎದುರುಬದುರಾಗುವುದನ್ನು ನೋಡಬೇಕು ಎಂಬ ಆಸೆ ನನಗಿತ್ತು. ಅಷ್ಟು ವರ್ಷ ಬೇರೆಯವರ ಸಂತೋಷದ ಫೋಟೊ ತೆಗೆದಿದ್ದೆ, ಒಂದು ಸಂತೋಷವಾದರೂ ನನ್ನಿಂದ ಆದದ್ದಾಗಿರಲಿ ಎನಿಸಿತ್ತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಮೂರಕ್ಕೆ ಟೆಂಪೊ ಲಕ್ಷ್ಮೇಶ್ವರಕ್ಕೆ ಬಂತು. ಸೋಮೇಶ್ವರ ಗುಡಿಯ ಸುತ್ತ ಕೋಟೆಯ ಹಾಗೆ ಎತ್ತರದ ಗೋಡೆಯಿದೆ. ಬಾಗಿಲು ದಾಟಿದರೆ ವಿಶಾಲ ಅಂಗಳ. ಎಂಟೂ ಜನ ಒಳಗೆ ಬಂದರು. ಶಿವಭಕ್ತನೊಬ್ಬ ಸೌರಾಷ್ಟ್ರದಿಂದ ಸೋಮನಾಥನನ್ನು ಇಲ್ಲಿಗೆ ತಂದ ಕಥೆಯನ್ನು ನಾನು ಮೈಕಿನಲ್ಲಿ ಶುರುಮಾಡಿದ್ದೆ. ಮಂಟಪದ ಮೆಟ್ಟಿಲ ಮೇಲೆ ಗಂಗವ್ವ ಕುಳಿತಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು, ತೊಡೆಯ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ಎಂಟು ಜನರನ್ನೂ ಒಬ್ಬೊಬ್ಬರಾಗಿ ನೋಡಿದಳು. ಆತನ ಮೇಲೆ ಕಣ್ಣು ನಿಂತಿತು. ಎದ್ದಳು.

"ವೀರೂ..."

ಆತ ನಿಂತ. ನಾನು ಮಾತು ನಿಲ್ಲಿಸಿದೆ. ಆತನ ಮುಖದಲ್ಲಿ ನಾನು ನೋಡಬೇಕೆಂದುಕೊಂಡದ್ದು ಒಂದು ಗಳಿಗೆ ಬಂತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಮೆಹ್ತಾ, "ಯಾರು ಈ ತಾಯಿ? ನಿನಗೆ ಪರಿಚಯವೇ?" ಎಂದು ಹಿಂದಿಯಲ್ಲಿ ಕೇಳಿದರು. ಆತ ಮೆಹ್ತಾರ ಕಡೆ ನೋಡಿದ, ಗಂಗವ್ವನ ಕಡೆ ನೋಡಿದ.

"ಗೊತ್ತಿಲ್ಲ. ಬೇರೆ ಯಾರನ್ನೋ ಹುಡುಕುತ್ತಿರಬೇಕು," ಎಂದ.

ಹಿಂದಿ ಆಕೆಗೆ ಅರ್ಥವಾಗಲಿ ಬಿಡಲಿ, ಆ ದನಿ ಅರ್ಥವಾಯಿತು. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸೆರಗು ಸರಿಮಾಡಿಕೊಂಡಳು. ಆಮೇಲೆ ತನ್ನ ತಮ್ಮನಿಗೆ ಕೈಮುಗಿದು ಹೇಳಿದಳು:

"ತಪ್ಪಾತ್ರಿ ಸಾಹೇಬ್ರ. ನಮ್ಮ ತಮ್ಮನಂಗ ಕಂಡ್ರಿ ನೀವು. ಕಣ್ಣು ಕಾಣಂಗಿಲ್ಲ ನನಗ. ಹೋಗಿ ಬರ್ರಿ, ದೇವರ ದರ್ಶನ ತಗೋರಿ."

ಮೆಹ್ತಾ ನನ್ನನ್ನು ಕೇಳಿದರು, ಅವರೇನು ಹೇಳಿದರು ಎಂದು. ನಿಮ್ಮವರನ್ನು ಬೇರೆ ಯಾರೋ ಎಂದುಕೊಂಡರಂತೆ ಎಂದೆ. ಗುಂಪು ಮುಂದೆ ನಡೆಯಿತು. ನಾನು ನನ್ನ ಕೆಲಸ ಮಾಡಿದೆ. ಹೊರಗೋಡೆಯ ಕೆತ್ತನೆ ತೋರಿಸಿದೆ, ಹಿಂದಿನ ಬಾವಿಯ ಮೆಟ್ಟಿಲು ತೋರಿಸಿದೆ, ನಂದಿಯ ಮೇಲೆ ಕುಳಿತ ಶಿವಪಾರ್ವತಿಯರನ್ನು ತೋರಿಸಿದೆ. ಬಾಯಿ ತಾನಾಗಿ ಹೇಳುತ್ತಿತ್ತು. ತಿರುಗಿ ಅಂಗಳಕ್ಕೆ ಬಂದಾಗ ಮೆಟ್ಟಿಲು ಖಾಲಿಯಿತ್ತು. ಬುತ್ತಿಯನ್ನು ಅವಳು ಮಾಬುಸಾಬನ ಕೈಗೆ ಕೊಟ್ಟು ಹೋಗಿದ್ದಳು. "ದಣದಾರ, ಎಲ್ಲಾರಿಗೂ ಕೊಡಪಾ ಅಂದ್ಲರಿ," ಎಂದ ಅವನು.

ಶಿರಹಟ್ಟಿಗೆ ಹೋದೆವು. ಫಕೀರೇಶ್ವರ ಮಠದ ಮುಂದೆ ಎಲ್ಲರೂ ಇಳಿದರು. ವೀರಭದ್ರಪ್ಪನವರು ಇಳಿಯಲಿಲ್ಲ. ಉಳಿದವರು ಒಳಗೆ ಹೋದ ಮೇಲೆ ನಾನು ಟೆಂಪೊದ ಬಾಗಿಲಿಗೆ ಬಂದು ನಿಂತೆ.

"ನಾ ಹೇಳಿದ್ದೇನು, ನೀವು ಮಾಡಿದ್ದೇನು?" ಎಂದರು. ದನಿ ಏರಿಸಲಿಲ್ಲ.

"ತಪ್ಪಾತ್ರಿ," ಎಂದೆ.

"ಅಕಿನೂ ತಪ್ಪಾತ್ರಿ ಅಂದ್ಲು. ಯಾರ ತಪ್ಪಿದು? ನನ್ನ ಜಳಕಾ ಮಾಡಿಸಿದಾಕಿ ಅಕಿ. ಇವತ್ತ ನನಗ ರೀ ಅಂದ್ಲು. ಸಾಹೇಬ್ರ ಅಂದ್ಲು." ಬಿಳಿಚಿದ ಆ ಎಡಗೈಯಿಂದ ಮುಖ ಮುಚ್ಚಿಕೊಂಡರು. ನಾನು ಅಲ್ಲೇ ನಿಂತಿದ್ದೆ. ಸಮಾಧಾನ ಹೇಳುವ ಅಧಿಕಾರವನ್ನು ನಾನು ಬೆಳಗ್ಗೆಯೇ ಕಳೆದುಕೊಂಡಿದ್ದೆ.

ಮರುದಿನ ಬೆಳಗ್ಗೆ ಏಳಕ್ಕೆ ಜೋಶಿ ಸಾಹೇಬರ ಫೋನು.

"ಸರೋಜಾ, ನಿನ್ನ ಗೆಸ್ಟ್ ಒಬ್ರು ಕಾಣವಲ್ರು. ಕಡೀ ದಿನದ ಆಟ, ಅವರ ಮುಂದ ಇದ್ದವರಂತ. ರೂಮ್ ಖಾಲಿ, ಫೋನ್ ಎತ್ತವಲ್ರು. ಮೆಹ್ತಾ ಸಾಹೇಬ್ರು ಪೊಲೀಸಿಗೆ ಹೇಳ್ತೇನಿ ಅನ್ನಾಕತ್ತಾರ. ಏನ್ ಮಾಡೀದಿ ನೀ?"

ಮಾಡಿದ್ದನ್ನು ಹೇಳಿದೆ. "ಹುಡುಕ ಹೋಗು," ಎಂದು ಫೋನಿಟ್ಟರು.

ಎಲ್ಲಿ ಹುಡುಕಬೇಕೆಂದು ನನಗೆ ಗೊತ್ತಿತ್ತು. ಶಿಗ್ಲಿ ತಲುಪಿದಾಗ ಹತ್ತು ಗಂಟೆ. ಗಂಗವ್ವನ ಮನೆಗೆ ಬೀಗ ಹಾಕಿತ್ತು. ಕಟ್ಟೆಯ ಮೇಲೆ ವೀರಭದ್ರಪ್ಪನವರು ಕುಳಿತಿದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದವರು. ಆಟಕ್ಕೆಂದು ಹಾಕಿಕೊಂಡ ಬಿಳಿಯ ಪ್ಯಾಂಟಿಗೆ ಕಟ್ಟೆಯ ಮಣ್ಣು ಹತ್ತಿತ್ತು. ಓಣಿಯ ಜನ ದೂರದಿಂದ ನೋಡುತ್ತಿದ್ದರು. ಯಾರೂ ಗುರುತು ಹಿಡಿದಿರಲಿಲ್ಲ.

"ಗಿರಣಿಗೆ ಹೋಗ್ಯಾಳಂತ," ಎಂದರು.

ಸ್ವಲ್ಪ ಹೊತ್ತಿಗೆ ಗಂಗವ್ವ ಹಿಟ್ಟಿನ ಡಬ್ಬಿಯನ್ನು ಟೊಂಕದ ಮೇಲಿಟ್ಟುಕೊಂಡು ಬಂದಳು. ತಮ್ಮನನ್ನು ನೋಡಿ ಅವಳ ನಡಿಗೆ ತಪ್ಪಲಿಲ್ಲ. ಬೀಗ ತೆಗೆದಳು.

"ಯಾವಾಗ ಬಂದ್ರಿ? ಬರ್ರಿ, ಒಳಗ ಬರ್ರಿ. ಕುಂಡ್ರಿ."

"ಅಕ್ಕಾ, ನಾ ವೀರೂ," ಎಂದರು ಅವರು.

"ಗೊತ್ತೈತ್ರಿ. ಕುಂಡ್ರಿ. ಚಾ ಮಾಡ್ತೇನಿ, ಸಕ್ರಿ ಎಷ್ಟ ಹಾಕ್ಲಿ?"

"ಅಕ್ಕಾ, ನನಗ ಹಂಗ ಅನಬ್ಯಾಡ. ಬೈ. ಬೇಕಾದ್ರ ಹೊಡಿ."

"ಬಂದವ್ರಿಗೆ ಹೊಡೀತಾರೇನ್ರಿ?" ಎಂದು ಅವಳು ಒಲೆ ಹಚ್ಚಿದಳು.

ಆಮೇಲಿನ ಎರಡು ಗಂಟೆಯನ್ನು ನಾನು ಮರೆಯಲಾರೆ. ಅವಳು ಚಹಾ ಕೊಟ್ಟಳು. ರೊಟ್ಟಿ ಬಡಿದಳು. ತಾಟು ಇಟ್ಟಳು, ಪಕ್ಕದಲ್ಲಿ ನೀರಿಟ್ಟಳು, "ಹಾಕ್ಸಿಕೊಳ್ರಿ, ಸಂಕೋಚ ಮಾಡಬ್ಯಾಡ್ರಿ" ಎಂದಳು. ಬೇರೆ ಊರಿನಿಂದ ಬಂದ ದೊಡ್ಡವರಿಗೆ ಹೇಗೆ ಮಾಡುತ್ತಾರೋ ಹಾಗೆ. ಒಂದು ಕಠಿಣ ಮಾತಿಲ್ಲ, ಒಂದು ಪ್ರಶ್ನೆಯಿಲ್ಲ. ಅವರು ತಲೆ ತಗ್ಗಿಸಿ ಉಂಡರು. ಹೆಂಡತಿ ಸತ್ತಳು ಎಂದು ಹೇಳಿದರು. "ಅಯ್ಯ, ಪಾಪ," ಎಂದಳು. ಮಕ್ಕಳಿಲ್ಲ ಎಂದರು. ಅವಳು ಇನ್ನೊಂದು ರೊಟ್ಟಿ ಹಾಕಿದಳು. ಹುಬ್ಬಳ್ಳಿಯಿಂದ ಫೋನಿನ ಮೇಲೆ ಫೋನು ಬರುತ್ತಿತ್ತು. ಕೊನೆಗೆ ನಾನೇ ಎದ್ದು, ಹೊರಡಬೇಕ್ರಿ ಎಂದೆ.

ಅವರು ಎದ್ದರು. ಅಕ್ಕನ ಕಾಲು ಮುಟ್ಟಿದರು. "ಹೋಗಿ ಬರ್ರಿ," ಎಂದಳು ಅವಳು. ಕಣ್ಣು ತುಂಬಿ ಮುಂದಿನದು ಕಾಣದೆ ಅವರು ಬಾಗಿಲ ಕಡೆ ತಿರುಗಿದರು, ಹಣೆ ತಗ್ಗು ಬಾಗಿಲಿನ ಚೌಕಟ್ಟಿಗೆ ಬಡಿಯಿತು. ದೊಡ್ಡ ಸದ್ದಾಯಿತು.

"ಬಗ್ಗಲೇ!" ಎಂದು ಗಂಗವ್ವ ಕಿರುಚಿದಳು. "ಎಷ್ಟ ಸರ್ತಿ ಹೇಳಬೇಕಲೇ ನಿನಗ, ಬಗ್ಗಿ ಹೋಗು ಬಗ್ಗಿ ಹೋಗು ಅಂತ! ಹುಟ್ಟಿದಾಗಿಂದ ಇದ ಆತು. ತೋರ್ಸಿಲ್ಲೆ, ರಕ್ತ ಬಂದೈತೇನ?"

ಬಂದಿರಲಿಲ್ಲ. ಅವಳು ಸೆರಗಿನ ತುದಿಯನ್ನು ಬಾಯಿಯ ಹಬೆಗೆ ಹಿಡಿದು ಹಣೆಗೆ ಒತ್ತಿದಳು. ಅಷ್ಟೆತ್ತರದ ಮನುಷ್ಯ ಅವಳ ಎದುರಿಗೆ ಮೊಣಕಾಲೂರಿ ಕುಳಿತುಬಿಟ್ಟರು. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಅದು ನೋಡುವಂಥದ್ದಾಗಿರಲಿಲ್ಲ. ಅಷ್ಟನ್ನಾದರೂ ನಾನು ಹಿಂದಿನ ದಿನದಿಂದ ಕಲಿತಿದ್ದೆ.

ಅವರು ಆ ದಿನ ಹುಬ್ಬಳ್ಳಿಗೆ ಬರಲಿಲ್ಲ. ಬೆಳ್ಳಿ ಬಟ್ಟಲು ಬೇರೆ ಯಾರಿಗೋ ಹೋಯಿತು. ಸಂಜೆ ಮೆಹ್ತಾ ನನ್ನನ್ನು ಕರೆಸಿ ಎಲ್ಲವನ್ನೂ ಕೇಳಿದರು. ವೀರಭದ್ರಪ್ಪನವರು ಫೋನಿನಲ್ಲಿ ತಾವೇ ಹೇಳಿದ್ದರು, ನಾನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು, "ನಮ್ಮಲ್ಲಿ ಮದುವೆಯಲ್ಲಿ ವರನ ಅಕ್ಕತಂಗಿಯರಿಗೆ ಸೀರೆ ಕೊಡಬೇಕು," ಎಂದರು. "ನಮ್ಮ ತಾಯಿ ಒಂದು ತಂದಿಟ್ಟಿದ್ದಳು. ಯಾರಿಗೂ ಕೊಡಲಿಲ್ಲ. ಯಾರಾದರೂ ಬಂದೇ ಬರುತ್ತಾರೆ ಎನ್ನುತ್ತಿದ್ದಳು. ಹುಚ್ಚ, ಒಂದು ಮಾತು ಹೇಳಿದ್ದರೆ ಆಗುತ್ತಿತ್ತು." ನಂತರ ಕನ್ನಡಕ ತೆಗೆದು ಒರೆಸಿಕೊಂಡರು.

ಜೋಶಿ ಸಾಹೇಬರು ನನ್ನನ್ನು ಗಾಲ್ಫಿನ ಗುಂಪುಗಳಿಂದ ತೆಗೆದು ಶಾಲೆಯ ಪ್ರವಾಸಗಳಿಗೆ ಹಾಕಿದರು. "ಛಲೋ ಆತು ಅಂತ ಎಲ್ಲಾರೂ ಅಂತಾರ," ಎಂದರು. "ಛಲೋ ಆಗದಿದ್ರ? ಅಕಿ ಎದಿ ಒಡದು ಅಲ್ಲೇ ಸತ್ತಿದ್ರ? ನಿನಗ ಹೇಳಿದ್ದನ್ನಷ್ಟ ಮಾಡಬೇಕಿತ್ತು ಸರೋಜಾ." ಅವರು ಹೇಳಿದ್ದು ಸರಿ. ಹೊಸಬರಿಗೆ ನಾನೂ ಅದನ್ನೇ ಹೇಳುತ್ತೇನೆ. ಅತಿಥಿ ನಿಮ್ಮ ಮುಂದೆ ಮನಸ್ಸು ಬಿಚ್ಚಿದರೆ ಕೇಳಿರಿ, ಕೇಳಿದಷ್ಟನ್ನು ಮಾಡಿರಿ, ಅದರಾಚೆ ಒಂದು ಹೆಜ್ಜೆ ಇಡಬೇಡಿ. ನಾನು ಇಟ್ಟ ಹೆಜ್ಜೆ ಒಂದು ತಗ್ಗು ಬಾಗಿಲಿನ ದೆಸೆಯಿಂದ ಉಳಿಯಿತು, ನನ್ನ ಜಾಣತನದಿಂದಲ್ಲ.

ವೀರಭದ್ರಪ್ಪನವರು ಈಗ ವರ್ಷದಲ್ಲಿ ಕೆಲವು ತಿಂಗಳು ಶಿಗ್ಲಿಯಲ್ಲೇ ಇರುತ್ತಾರೆಂದು ಮಾಬುಸಾಬ ಹೇಳುತ್ತಿದ್ದ. ಅವರ ಕಡೆಯಿಂದ ನನಗೆ ಯಾವ ಸುದ್ದಿಯೂ ಬರಲಿಲ್ಲ. ಬರಬೇಕೆಂದೂ ಇಲ್ಲ. ಕೆಲವರಿಗೆ ನಮ್ಮ ಮುಖ ನೋಡಿದರೆ ತಮ್ಮ ಕೆಟ್ಟ ದಿನವೇ ನೆನಪಾಗುತ್ತದೆ.

ಕೆಲಸ ಬಿಟ್ಟ ಮೇಲೆ ಮೊದಲ ಕೆಲವು ತಿಂಗಳು ಗದಗಿನ ನನ್ನ ಬಾಡಿಗೆ ಕೋಣೆಯಲ್ಲಿ ಮಧ್ಯಾಹ್ನವಾಗುತ್ತಲೇ ಕಾಲು ತಾನಾಗಿ ಹೊಸ್ತಿಲ ಕಡೆ ಹೋಗುತ್ತಿತ್ತು. ಒಂದು ದಿನ ಸುಮ್ಮನೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಗುಡಿ ನೋಡಿದೆ. ಯಾರಿಗೂ ಏನನ್ನೂ ಹೇಳುವ ಅಗತ್ಯವಿಲ್ಲದೆ ನೋಡಿದ್ದು ಅದೇ ಮೊದಲು. ಅಲ್ಲಿಂದ ಶಿಗ್ಲಿಗೆ ಹೋದೆ. ಗಂಗವ್ವ ಒಬ್ಬಳೇ ಇದ್ದಳು. ತಮ್ಮ ಮುಂಬಯಿಗೆ ಹೋಗಿದ್ದ. ನನ್ನ ಗುರುತು ಸಿಕ್ಕಿತು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ನಾನೂ ಒಂದು ಮುಷ್ಟಿ ತೆಗೆದುಕೊಂಡು ಸುಲಿಯತೊಡಗಿದೆ.

"ನಿಮ್ಮವರು ಯಾರ್ ಯಾರ್ ಅದಾರವ್ವಾ?" ಎಂದು ಕೇಳಿದಳು.

ಯಾವ ಗುಡಿಯನ್ನು ಯಾರು ಕಟ್ಟಿಸಿದರು, ಯಾರು ಕೆಡವಿದರು, ಯಾರು ದತ್ತಿ ಬಿಟ್ಟರು, ಎಲ್ಲ ಪ್ರಶ್ನೆಗೂ ಉತ್ತರ ಹೇಳುತ್ತ ಬಂದವಳು ನಾನು. ತಂದೆತಾಯಿ ಹೋಗಿ ಬಹಳ ವರ್ಷವಾಯಿತು ಎಂದೆ. ಮದುವೆಯ ಮಾತುಗಳು ಬಂದವು, ತಿಂಗಳಲ್ಲಿ ಇಪ್ಪತ್ತು ದಿನ ಊರ ಮೇಲಿರುವ ಹುಡುಗಿ ಎಂದು ಹಿಂದಕ್ಕೆ ಹೋದವು ಎಂದೆ. ಆಮೇಲೆ, "ಇಪ್ಪತ್ತೇಳು ವರ್ಷ ಬರೇ ಮಂದಿ ಜೋಡಿನ ಇದ್ದೆ ನೋಡ್ರಿ. ದಿನಾ ಹೊಸಾ ಮಂದಿ. ದೇಶ ದೇಶದವರು," ಎಂದೆ.

"ಅದನ್ನ ಕೇಳಲಿಲ್ಲವ್ವಾ ನಾ," ಎಂದಳು ಗಂಗವ್ವ.

ನಾನು ಶೇಂಗಾ ಸುಲಿದೆ. ಅವಳೂ ಸುಲಿದಳು. ನಾನು ಹಿಡಿಯಬೇಕಾಗಿದ್ದ ಗದಗಿನ ಬಸ್ಸು ಹಾರ್ನ್ ಮಾಡುತ್ತ ಬಂದು, ಸ್ವಲ್ಪ ಹೊತ್ತು ನಿಂತು, ಹೊರಟುಹೋಯಿತು. ಬುಟ್ಟಿಯಲ್ಲಿ ಇನ್ನೂ ಅರ್ಧ ಉಳಿದಿತ್ತು.